ಘಟ್ಟ ಇಳಿಯದ ಮೆಥಡಿಸ್ಟರು

ನಮ್ಮ ಬಸ್ರೂರು, ಕುಂದಾಪುರದ ಕಡೆ ಹೊಟೇಲು ಮಾಡಲು ಘಟ್ಟ ಹತ್ತಿದವರು ಊರಿಗೆ ಬಂದಾಗ ಒಂದು ಮಾತು ಹೇಳುವುದುಂಟು. ಮೈಸೂರಿನಲ್ಲಿ ಹೆಂಡತಿಯ ಹೆರಿಗೆ ಮಿಷನ್ ಆಸ್ಪತ್ರೆಯಲ್ಲಾಯಿತು ಅಂತ ಒಬ್ಬರು, ಹಾಸನದಲ್ಲಿ ಮಗನ ಕೈ ಮುರಿದಾಗ ಕರೆದುಕೊಂಡು ಹೋದದ್ದು ಮಿಷನ್ ಆಸ್ಪತ್ರೆಗೇ ಅಂತ ಇನ್ನೊಬ್ಬರು. ಕೋಲಾರದಲ್ಲಿದ್ದವರಾದರೆ "ಮೆಥಡಿಸ್ಟ್ ಆಸ್ಪತ್ರೆ" ಎಂದೇ ಹೇಳಿಯಾರು. ಆಗ ಕೇಳುವವನಿಗೆ ಸಂಶಯ ಬರುತ್ತದೆ. ಈ ಮೆಥಡಿಸ್ಟ್ ಅಂದರೆ ಎಂತ ಮಾರಾಯ್ರೆ? ನಮ್ಮ ಕುಂದಾಪುರದ ಇಗರ್ಜಿಯವರಾ, ಉಡುಪಿಯ ಮಿಷನ್‌ನವರಾ, ಅಥವಾ ಮೂರನೆಯವರಾ?

ಪ್ರಶ್ನೆ ಸಣ್ಣದು. ಉತ್ತರಕ್ಕೆ ಸ್ವಲ್ಪ ದೂರ ಹೋಗಬೇಕು.

ಕ್ರೈಸ್ತರು ನಮಗೆ ಹೊಸಬರಲ್ಲ. ಬಸ್ರೂರು ಹಳೇ ಬಂದರು. ಹೊಳೆಬಾಯಿಯಿಂದ ಒಳಗೆ ಬರುತ್ತಿದ್ದ ಹಡಗುಗಳನ್ನು, ಇಲ್ಲಿಂದ ಹೋಗುತ್ತಿದ್ದ ಅಕ್ಕಿ ಮೂಡೆಗಳನ್ನು ನೋಡಿ ಪೋರ್ತುಗೀಸರು 1569ರಲ್ಲಿ ಇಲ್ಲಿಗೆ ಕೈಹಾಕಿದರು. 1665ರಲ್ಲಿ ಶಿವಾಜಿಯೂ ಹಡಗು ತಂದು ಇದೇ ಪೇಟೆಯನ್ನು ಸೂರೆ ಮಾಡಿ ಹೋದ. ಕುಂದಾಪುರದ ರೋಜರಿ ಮಾತೆಯ ಇಗರ್ಜಿಗೆ 1570ರ ಲೆಕ್ಕ ಹೇಳುತ್ತಾರೆ. 1681ರ ನಂತರ ಅಲ್ಲಿ ಇದ್ದುಕೊಂಡು ಕೆಲಸ ಮಾಡಿದ ಜೋಸೆಫ್ ವಾಜ್ ಎಂಬ ಪಾದ್ರಿಯವರನ್ನು 2015ರಲ್ಲಿ ಸಂತರೆಂದು ಸಾರಿದ್ದು ಓದುಗರಿಗೆ ನೆನಪಿರಬಹುದು. ಇವರೆಲ್ಲ ಕೆಥೊಲಿಕರು. "ಇಗರ್ಜಿ" ಎಂಬ ಶಬ್ದವೇ ಪೋರ್ತುಗೀಸರು ಬಿಟ್ಟುಹೋದದ್ದು. ಪ್ರೊಟೆಸ್ಟಂಟರು ತಮ್ಮದನ್ನು ಇಗರ್ಜಿ ಅನ್ನುವುದಿಲ್ಲ. ಅವರಿಗೆ ಅದು ದೇವಾಲಯ, ಕೂಡಿದ ಜನ ಸಭೆ, ನಡೆಸುವವರು ಸಭಾಪಾಲಕರು. ಒಂದು ಶಬ್ದದ ವ್ಯತ್ಯಾಸದಲ್ಲೇ ಮುನ್ನೂರು ವರ್ಷದ ಅಂತರವಿದೆ.

ಹಂಚಿಕೊಂಡ ಸೀಮೆ

ಮೆಥಡಿಸ್ಟ್ ಎಂಬುದು ಮೊದಲು ಹೆಸರಲ್ಲ, ಗೇಲಿ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜಾನ್ ವೆಸ್ಲಿ (1703-1791) ಮತ್ತು ಅವನ ತಮ್ಮ ಚಾರ್ಲ್ಸ್ ಕೂಡಿ, ಇಂಥಾ ಹೊತ್ತಿಗೆ ಪ್ರಾರ್ಥನೆ, ಇಂಥಾ ಹೊತ್ತಿಗೆ ಓದು, ಇಂಥಾ ದಿನ ಜೈಲಿನ ಕೈದಿಗಳ ಭೇಟಿ ಅಂತ ಕ್ರಮ ಹಾಕಿಕೊಂಡು ನಡೆದರು. ಉಳಿದ ಹುಡುಗರು "ಮೆಥಡಿನವರು" ಅಂತ ತಮಾಷೆ ಮಾಡಿದರು. ತಮಾಷೆಯೇ ಹೆಸರಾಗಿ ನಿಂತಿತು! 1742ರಲ್ಲಿ ಬ್ರಿಸ್ಟಲಿನಲ್ಲಿ ಗುಡಿಯ ಸಾಲ ತೀರಿಸಲು ಹನ್ನೆರಡು ಹನ್ನೆರಡು ಮಂದಿಯ ಗುಂಪು ಮಾಡಿ, ಒಬ್ಬೊಬ್ಬನಿಂದ ವಾರಕ್ಕೆ ಒಂದು ಪೆನ್ನಿ ಎತ್ತುವ ಏರ್ಪಾಡು ಆಯ್ತು. ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಮನೆಮನೆಗೆ ಹೋಗಿ ಎರಡಾಣೆ ಪಿಗ್ಮಿ ಎತ್ತಿದ್ದನ್ನು ಬಲ್ಲ ನಮಗೆ ಇದೇನು ವಿಚಿತ್ರವಲ್ಲ. ಬಡವನ ಚಿಲ್ಲರೆ ಕೂಡಿದರೆ ಏನಾಗುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು.

ಈ ವೆಸ್ಲಿ ಪಂಥದವರು 1820ರ ದಶಕದಲ್ಲಿ ಬೆಂಗಳೂರು ದಂಡಿಗೆ ಬಂದರು, ಮುಂದೆ ಮೈಸೂರು ಸೀಮೆಯ ಕನ್ನಡಿಗರ ನಡುವೆ ಕೆಲಸ ಹಿಡಿದರು. ಕರಾವಳಿಗೆ ಬಂದವರು ಬೇರೆ. 1833ರ ಚಾರ್ಟರ್ ಕಾಯ್ದೆಯಿಂದ ಕಂಪೆನಿ ಸರಕಾರದ ನಾಡಿನಲ್ಲಿ ಇಂಗ್ಲಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಸ್ವಿಜರ್ಲೆಂಡಿನ ಬಾಸೆಲ್ ನಗರದ ಮಿಷನ್‌ನಿಂದ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದರು. ಅಲ್ಲಿಂದ ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೆ ಹೋದರು. ಕರಾವಳಿಯಲ್ಲಿ ಮೂಲ್ಕಿ, ಉಡುಪಿ, ಕಾರ್ಕಳ ಅಂತ ಹಬ್ಬಿದರು. ಅವರ ಠಾಣ್ಯಗಳ ಪಟ್ಟಿಯಲ್ಲಿ ನಮ್ಮ ಬಸ್ರೂರಿನ ಹೆಸರೂ ಇದೆ ಅಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ.

ಒಂದು ಮಿಷನ್ ಕೆಲಸ ಮಾಡುವಲ್ಲಿ ಇನ್ನೊಂದು ಕೈಹಾಕಬಾರದು ಅಂತ ಇವರೊಳಗೆ ಒಂದು ಒಪ್ಪಂದ. ಹಾಗಾಗಿ ಘಟ್ಟದ ಮೇಲೆ ಮೈಸೂರು ಸೀಮೆಯಲ್ಲಿ ವೆಸ್ಲಿಯವರು, ಕೆಳಗೆ ಕರಾವಳಿಯಲ್ಲಿ ಬಾಸೆಲಿನವರು. ಮೆಥಡಿಸ್ಟರು ಆಗುಂಬೆ, ಹುಲಿಕಲ್ ಇಳಿದು ನಮ್ಮಲ್ಲಿಗೆ ಬಾರದೆ ಇದ್ದುದಕ್ಕೆ ದೊಡ್ಡ ಕಾರಣ ಇಷ್ಟೆ.

ಗುಬ್ಬಿಯ ಪೇಟೆಯಲ್ಲಿ

ಸಣ್ಣ ಊರಿನ ಮೆಥಡಿಸ್ಟ್ ಕೆಲಸ ಹೇಗಿತ್ತು ಅಂತ ನೋಡಬೇಕಾದರೆ ತುಮಕೂರು ಜಿಲ್ಲೆಯ ಗುಬ್ಬಿಗೆ ಹೋಗಬೇಕು. ವೀರಣ್ಣನವರ ನಾಟಕ ಕಂಪೆನಿಯ ಗುಬ್ಬಿಯೇ ಹೌದು. ಅಡಿಕೆ, ಕೊಬ್ಬರಿ ವ್ಯಾಪಾರದ ಪೇಟೆ, ಚನ್ನಬಸವೇಶ್ವರನ ಜಾತ್ರೆಯ ಊರು. 1837ರಲ್ಲಿ ಥಾಮಸ್ ಹಾಡ್ಸನ್ ಎಂಬ ವೆಸ್ಲಿ ಪಾದ್ರಿ ಅಲ್ಲಿ ಬೀಡುಬಿಟ್ಟ. 1839ರಲ್ಲಿ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ತರುಣ ಬಂದು ಸೇರಿಕೊಂಡ. ಸಂತೆಯಲ್ಲಿ ನಿಂತು ಕನ್ನಡದಲ್ಲಿ ಮಾತಾಡುವುದು, ಶಾಲೆ ನಡೆಸುವುದು, ಇದು ಕೆಲಸ. ಆರ್ಥರನ ಕಣ್ಣು ಹಾಳಾಗಿ ಎರಡೇ ವರ್ಷಕ್ಕೆ ವಾಪಸು ಹೋಗಬೇಕಾಯ್ತು. ಹೋದವನು 1847ರಲ್ಲಿ ಮೈಸೂರು ಸೀಮೆಯ ಕೆಲಸದ ಬಗ್ಗೆ ಒಂದು ದೊಡ್ಡ ಪುಸ್ತಕವನ್ನೇ ಬರೆದ.

ಫಲ ಎಷ್ಟು ಸಿಕ್ಕಿತು? ಬಹಳ ಕಡಿಮೆ. ಹಾಡ್ಸನ್ 1877ರಲ್ಲಿ, ಅಂದರೆ ನಲವತ್ತು ವರ್ಷದ ಮೇಲೆ, ಗುಬ್ಬಿ ಸುತ್ತಿನ ಕೆಲಸದ ಬಗ್ಗೆ ಪುಸ್ತಕ ಬರೆದಾಗ ಅದಕ್ಕೆ ಇಟ್ಟ ಹೆಸರು ಡೇನಿಯಲ್ ಎಂಬ ಒಬ್ಬನೇ ಒಬ್ಬ ಮುದುಕ ವಿಶ್ವಾಸಿಯದು. ಸಾವಿರಾರು ಜನ ಮತಾಂತರವಾದರು ಅಂತ ಭಾಷಣ ಬಿಗಿಯುವವರೂ, ಸಾವಿರಾರು ಜನರನ್ನು ಉದ್ಧಾರ ಮಾಡಿದೆವು ಅನ್ನುವವರೂ ಈ ಪುಸ್ತಕದ ಹೆಸರನ್ನು ಒಮ್ಮೆ ನೋಡಿದರೆ ಒಳ್ಳೆಯದು.

ಸಂಗತಿ ಬದಲಾದದ್ದು ಬರಗಾಲದಲ್ಲಿ. 1876ರಿಂದ 1878ರ ತನಕ ಮಳೆ ಕೈಕೊಟ್ಟು ಮೈಸೂರು ಸಂಸ್ಥಾನ ಉರಿದುಹೋಯ್ತು. 1871ರ ಖಾನೇಸುಮಾರಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದರು. ದಾರಿ ಬದಿಯಲ್ಲಿ ಉಳಿದ ಅನಾಥ ಮಕ್ಕಳನ್ನು ಸಾಕುವವರು ಯಾರು? ವೆಸ್ಲಿ ಮಿಷನ್ ತುಮಕೂರಿನಲ್ಲಿ ಗಂಡು ಮಕ್ಕಳಿಗೂ ಹಾಸನದಲ್ಲಿ ಹೆಣ್ಣು ಮಕ್ಕಳಿಗೂ ಅನಾಥಾಲಯ ನಡೆಸಿತು. ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಹೆಂಗಸು ತಾನೇ ಮಕ್ಕಳನ್ನು ಸಾಕಿ, 1890ರಲ್ಲಿ ಆ ಕೆಲಸವನ್ನು ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿದರು. 1910ರಲ್ಲಿ ಅಲ್ಲಿ ಆದದ್ದೇ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ. ಜನರ ಬಾಯಲ್ಲಿ ಇ.ಟಿ.ಸಿ.ಎಂ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದು. ಹಾಸನದ್ದು ರೆಡ್‌ಫರ್ನ್.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅದನ್ನು ತೇಲಿಸಿ ಬಿಡುವುದು ಸರಿಯಲ್ಲ. ಹಸಿದವನಿಗೆ ಅನ್ನ ಕೊಟ್ಟು ಅವನ ಧರ್ಮ ತೆಗೆದುಕೊಂಡರಲ್ಲ, ಇದು ಸೇವೆಯೋ ವ್ಯಾಪಾರವೋ? ಮಿಷನರಿಗಳು ಧರ್ಮ ಹೇಳಲಿಕ್ಕೇ ಬಂದವರು, ಅದನ್ನು ಅವರು ಮುಚ್ಚಿಟ್ಟದ್ದಿಲ್ಲ. ಅನಾಥಾಲಯದ ಮಕ್ಕಳು ಕ್ರೈಸ್ತರಾಗಿ ಬೆಳೆದದ್ದೂ ಹೌದು. ಆದರೆ ಆ ಮಕ್ಕಳನ್ನು ಎತ್ತಿಕೊಳ್ಳಲು ಆ ಹೊತ್ತಿಗೆ ಬೇರೆ ಎಷ್ಟು ಮಂದಿ ಮುಂದೆ ಬಂದಿದ್ದರು ಅಂತಲೂ ಕೇಳಬೇಕಲ್ಲವೇ? ಜಾತಿ ನೋಡಿ ನೀರು ಹೊಯ್ಯುತ್ತಿದ್ದ ಕಾಲ ಅದು. ಆಸ್ಪತ್ರೆಯ ವಿಷಯವಂತೂ ಬೇರೆಯೇ. ಅಲ್ಲಿ ಹೆರಿಗೆಯಾದ ನಮ್ಮ ಹೊಟೇಲಿನವರ ಹೆಂಡಿರು ಮಕ್ಕಳು ಹೋದಂತೆಯೇ ವಾಪಸು ಬಂದಿದ್ದಾರೆ, ಕುತ್ತಿಗೆಯ ಕರಿಮಣಿ ಕುತ್ತಿಗೆಯಲ್ಲೇ ಇತ್ತು.

ಕೆಳಗಿನವರ ಕಥೆ

ನಮ್ಮ ಕರಾವಳಿಯಲ್ಲಿ ಬಾಸೆಲಿನವರಿಗೆ ಎದುರಾದ ಸಮಸ್ಯೆ ಇನ್ನೂ ತೊಡಕಿನದ್ದು. ಇಲ್ಲಿ ಸಭೆ ಸೇರಿದವರಲ್ಲಿ ಬಹಳ ಮಂದಿ ಬಿಲ್ಲವರು. ಸೇರಿದ ದಿನವೇ ಮನೆ ಹೋಯ್ತು, ಬಂಧುಬಳಗ ಹೋಯ್ತು, ಗೇಣಿಯ ಗದ್ದೆ ಹೋಗುವ ಹೆದರಿಕೆ ಬಂತು. ಮೇಲಿಂದ ಮಿಷನ್ನೇ ಕಳ್ಳು ಇಳಿಸುವ ಕಸುಬನ್ನು ಬಿಡಿ ಅಂತ ಹೇಳಿತು. ಹಾಗಾದರೆ ಉಣ್ಣುವುದೇನು? ಪ್ರಾರ್ಥನೆಯಿಂದ ಹೊಟ್ಟೆ ತುಂಬುವುದಿಲ್ಲ.

ಅದಕ್ಕೇ ಕಾರ್ಖಾನೆ. 1851ರಲ್ಲಿ ಹಾಲರ್ ಎಂಬವನು ಮಂಗಳೂರಿನ ಮಿಷನ್ ಮಗ್ಗಗಳ ಉಸ್ತುವಾರಿಗೆ ಬಂದ. ಇಂದು ಪೊಲೀಸರು ತೊಡುವ ಖಾಕಿ ಬಣ್ಣ ಅವನ ಕೈಯಲ್ಲೇ ಹುಟ್ಟಿತು ಎಂಬುದು ಮಂಗಳೂರಿನವರ ಹೆಮ್ಮೆಯ ಮಾತು. 1865ರಲ್ಲಿ ಪ್ಲೆಬ್ಸ್ಟ್ ಎಂಬವನು ಜೆಪ್ಪುವಿನಲ್ಲಿ ಹೊಳೆಮಣ್ಣಿನಿಂದ ಹಂಚು ಮಾಡುವ ಕಾರ್ಖಾನೆ ಹಾಕಿದ. ಮಲ್ಪೆಯ ಹಂಚಿನ ಕಾರ್ಖಾನೆ 1886ರದ್ದು. ಮುಳಿಹುಲ್ಲಿನ ಮಾಡು ಹೊದಿಸಿ ವರ್ಷ ವರ್ಷ ಬೆಂಕಿಗೆ ಹೆದರುತ್ತಿದ್ದ ಊರಿಗೆ ಮಂಗಳೂರು ಹಂಚು ಬಂತು. ಊರವರು ಕಸುಬು ನೋಡಿ ಕಲಿತರು, ತಾವೇ ಕಾರ್ಖಾನೆ ಹಾಕಿದರು. ನಮ್ಮ ಕುಂದಾಪುರ ಸುತ್ತಿನ ಹೊಳೆಬದಿಯ ಹಂಚಿನ ಕಾರ್ಖಾನೆಗಳ ಚಿಮಿಣಿಗಳೂ ಅದೇ ಕಸುಬಿನ ಮರಿಮಕ್ಕಳು. ಎಷ್ಟು ಮನೆಗಳ ಒಲೆ ಆ ಕೂಲಿಯಿಂದ ಉರಿದಿದೆ ಅಂತ ಹಳಬರನ್ನು ಕೇಳಿ. ಹೆಂಗಸರಿಗೆ ವಾರದ ಬಟವಾಡೆ ಅಂತ ಕೈಗೆ ಕಾಸು ಬಂದದ್ದು ಬೀಡಿಯಿಂದ, ಗೇರುಬೀಜದಿಂದ, ಹಂಚಿನಿಂದ.

1914ರಲ್ಲಿ ಯುದ್ಧ ಶುರುವಾದದ್ದೇ ಜರ್ಮನ್ ಮಿಷನರಿಗಳನ್ನು ಸರಕಾರ ಹಿಡಿದು ಕೂಡಿಹಾಕಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಸಭೆ ಬೇರೆ, ಕಾರ್ಖಾನೆ ಬೇರೆ ಆಯ್ತು. ಅಷ್ಟು ವರ್ಷ ದೊರೆಗಳ ಮುಖ ನೋಡುತ್ತಿದ್ದ ಊರಿನ ಸಭಾಪಾಲಕರೇ ಎಲ್ಲ ಹೊರಬೇಕಾಯ್ತು.

ಆ ಕಷ್ಟದ ನಡುವೆಯೇ ಉಡುಪಿಯ ಆಸ್ಪತ್ರೆ ಹುಟ್ಟಿತು ಎಂಬುದು ಗಮನಿಸಬೇಕಾದ ಸಂಗತಿ. ಸ್ವಿಜರ್ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್ ಎಂಬ ಹೆಂಗಸು 1923ರ ಜೂನ್ 15ರಂದು ಹೆಂಗಸರಿಗೆ, ಮಕ್ಕಳಿಗೆ ಅಂತ ಅದನ್ನು ತೆರೆದರು. ಆಗಿನ ಸ್ಥಿತಿ ಯೋಚಿಸಿ. ಗಂಡಸು ಡಾಕ್ಟರ ಕೈಗೆ ನಾಡಿ ಕೊಡಲಿಕ್ಕೇ ನಾಚುತ್ತಿದ್ದ ಹೆಂಗಸರು. ಕುಂದಾಪುರದಿಂದ ಉಡುಪಿಗೆ ಹೋಗಬೇಕಾದರೆ ನಡುವೆ ಹೊಳೆ, ದೋಣಿ. ಹೆರಿಗೆ ಸಿಕ್ಕಿಬಿದ್ದರೆ ದೇವರೇ ಗತಿ. ಹಾಜಿ ಅಬ್ದುಲ್ಲಾ ಸಾಹೇಬರು ಜಾಗ ಕೊಟ್ಟು ಉಡುಪಿಯಲ್ಲಿ ಸರಕಾರಿ ಹೆಂಗಸರ ಆಸ್ಪತ್ರೆ ಆಗುವುದಕ್ಕೆ ಇನ್ನೂ ಏಳು ವರ್ಷವಿತ್ತು. ಮಣಿಪಾಲದ ಮೆಡಿಕಲ್ ಕಾಲೇಜು ಬಂದದ್ದು 1953ರಲ್ಲಿ. ಒಬ್ಬ ಕ್ರೈಸ್ತ ಹೆಂಗಸು, ಒಬ್ಬ ಮುಸಲ್ಮಾನ ಸಾಹುಕಾರ, ಒಬ್ಬ ಕೊಂಕಣಿ ಡಾಕ್ಟರು. ಉಡುಪಿಯ ಆಸ್ಪತ್ರೆಗಳ ಚರಿತ್ರೆ ಹೇಳಹೊರಟರೆ ಈ ಮೂವರಲ್ಲಿ ಯಾರನ್ನೂ ಬಿಡುವ ಹಾಗಿಲ್ಲ.

ಕೊನೆಗೆ ಒಂದೇ ಮಾಡು

ಈಗ ಮೊದಲಿನ ಪ್ರಶ್ನೆಗೆ ಬರೋಣ. 1947ರ ಆಗಸ್ಟಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನರು, ವೆಸ್ಲಿ ಮೆಥಡಿಸ್ಟರು, ಇನ್ನಿತರರು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಮಾಡಿದರು. ನಮ್ಮ ಕಡೆಯ ಬಾಸೆಲ್ ಸಭೆಗಳೂ ಅದರೊಳಗೇ ಇವೆ. ಅಮೆರಿಕನ್ ಮೆಥಡಿಸ್ಟರು ಮಾತ್ರ ಹೊರಗುಳಿದರು. ಕೋಲಾರ, ಬೀದರ ಕಡೆಯವರು ಅವರು, 1981ರಿಂದ ಭಾರತದ ಮೆಥಡಿಸ್ಟ್ ಚರ್ಚ್ ಅಂತ ಸ್ವತಂತ್ರ. ಹೀಗಾಗಿ ಉಡುಪಿಯ ಲೊಂಬಾರ್ಡ್ ಆಸ್ಪತ್ರೆಯೂ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಇಂದು ಒಂದೇ ಮನೆಯವು, ಮಂಗಳೂರು ಬಲ್ಮಠದಲ್ಲಿ ಕಚೇರಿ ಇರುವ ಕರ್ನಾಟಕ ದಕ್ಷಿಣ ಸಭಾಪ್ರಾಂತದವು. ಮೆಥಡಿಸ್ಟರು ಘಟ್ಟ ಇಳಿಯಲಿಲ್ಲ ಅಂತ ಮೇಲೆ ಬರೆದೆನಲ್ಲ, ಕಾಗದಪತ್ರದ ಲೆಕ್ಕದಲ್ಲಿ 1947ರ ನಂತರ ಇಳಿದರು ಅಂತಲೂ ಹೇಳಬಹುದು!

ವಿದೇಶದ ಹಣದ ಕಾಲ ಹೋಯ್ತು. ಲೊಂಬಾರ್ಡ್ ಆಸ್ಪತ್ರೆಗೆ 2023ರಲ್ಲಿ ನೂರು ತುಂಬಿತು. ಸುತ್ತಲೂ ದೊಡ್ಡ ದೊಡ್ಡ ಆಸ್ಪತ್ರೆಗಳು ಎದ್ದು ನಿಂತ ಊರಿನಲ್ಲಿ, ಬಡವನಿಗೆ ಕಡಿಮೆಯಲ್ಲಿ ಮದ್ದು ಕೊಡುತ್ತೇವೆ ಅನ್ನುವ ಆಸ್ಪತ್ರೆ ಯಂತ್ರಕ್ಕೂ ದಾದಿಯರ ಸಂಬಳಕ್ಕೂ ಹಣ ಹೊಂದಿಸುವುದು ಸುಲಭದ ಮಾತಲ್ಲ. ಹಂಚಿನ ಕಾರ್ಖಾನೆಗಳ ಪಾಡೂ ಕೇಳಬೇಡಿ. ಟೆರೇಸು ಬಂತು, ಮಣ್ಣು ಸಿಗುವುದಿಲ್ಲ, ಕಟ್ಟಿಗೆ ದುಬಾರಿ. ಒಂದೊಂದೇ ಚಿಮಿಣಿ ಹೊಗೆ ನಿಲ್ಲಿಸಿದೆ.

ಬಸ್ರೂರಿನ ಓದುಗರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಹಳೇ ಮನೆ ಕೆಡವುವಾಗ ಹಂಚನ್ನು ಒಮ್ಮೆ ಮಗುಚಿ ನೋಡಿ. ಹಿಂಬದಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತಾರೆ. ಬಾಸೆಲ್ ಮಿಷನ್ ಅಂತ ಇದ್ದರೆ ಎರಡು ಹಂಚು ತೆಗೆದಿಡಿ. ಅಜ್ಜನ ಕಾಲದ ಸಭೆಯ ಪುಸ್ತಕ, ಕಾಗದ ಇದ್ದವರು ರದ್ದಿಗೆ ಹಾಕಬೇಡಿ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಹಳೇ ದಾಖಲೆ ಕಾಪಾಡುವ ಏರ್ಪಾಡು ಇದೆ. ಬಸ್ರೂರು ಠಾಣ್ಯದ ಪೂರ್ತಿ ಕಥೆ ಯಾರಾದರೂ ಬರೆಯುವುದಾದರೆ ಅಂಥಾ ಕಾಗದಗಳಿಂದಲೇ ಬರೆಯಬೇಕು.