ಎರಡು ದಿನದ ಹೈದರಾಬಾದ್ ಟ್ರಿಪ್‌ಗೆ ಎಷ್ಟು ಲಗೇಜ್ ಬೇಕು? ಒಂದೇ ಹ್ಯಾಂಡ್ ಬ್ಯಾಗ್‌ನಲ್ಲಿ ಹೋಗಿ ಬರೋದು ಹೇಗೆ?

ಶಿವಮೊಗ್ಗ: ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಗಿದ್ದು 2023ರ ಫೆಬ್ರವರಿ 27ರಂದು. ಅದೇ ವರ್ಷ ಆಗಸ್ಟ್ 31ರಿಂದ ಪ್ರಯಾಣಿಕರ ವಿಮಾನ ಹಾರಾಟ ಶುರುವಾಯಿತು. ಅಲ್ಲಿಂದೀಚೆಗೆ ಜಿಲ್ಲೆಯ ಜನ ವಿಮಾನ ಹತ್ತೋದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮಗಳ ಮನೆಗೆ, ಆಸ್ಪತ್ರೆಗೆ, ಅಂಗಡಿಗೆ ಮಾಲು ನೋಡೋಕೆ ಅಂತ ಎರಡು ದಿನದ ಮಟ್ಟಿಗೆ ಹೋಗಿ ಬರೋರು ಇದ್ದಾರೆ. ಆದರೆ ಪ್ಯಾಕಿಂಗ್ ಮಾತ್ರ ಹಳೇ ಕಾಲದ್ದೇ. ಎರಡು ದಿನಕ್ಕೆ ಹೋಗುವವರ ಕೈಲೂ ದೊಡ್ಡ ಸೂಟ್‌ಕೇಸ್, ಜೊತೆಗೊಂದು ಬಟ್ಟೆ ಚೀಲ.

ಬಸ್ಸಿನಲ್ಲಾದರೆ ಇದು ನಡೆಯುತ್ತೆ. ವಿಮಾನದಲ್ಲಿ ನಡೆಯಲ್ಲ. ಹೋಗುವಾಗ ಒಂದೇ ಹ್ಯಾಂಡ್ ಬ್ಯಾಗ್ ಒಯ್ದರೆ ಆಗುವ ಲಾಭ ಏನು, ಏನನ್ನು ಮನೆಯಲ್ಲೇ ಬಿಡಬೇಕು, ಬರುವಾಗ ಮಾಲು ತರೋದು ಹೇಗೆ? ಹೈದರಾಬಾದ್‌ಗೆ ಎರಡು ದಿನ ಹೋಗಿಬರುವ ಉದಾಹರಣೆ ಇಟ್ಟುಕೊಂಡು ಇಲ್ಲಿದೆ ವಿವರ.

7 ಕೆ.ಜಿ. ಲೆಕ್ಕ ಏನು?

ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಪ್ರಯಾಣಿಕರು ತಮ್ಮ ಜೊತೆ ಒಳಗೆ ಒಯ್ಯಬಹುದಾದ್ದು ಸಾಮಾನ್ಯವಾಗಿ ಒಂದು ಬ್ಯಾಗ್, ತೂಕ 7 ಕೆ.ಜಿ. ಅಳತೆ ಸುಮಾರು 55 ಸೆಂ.ಮೀ. ಎತ್ತರ, 35 ಸೆಂ.ಮೀ. ಅಗಲ, 25 ಸೆಂ.ಮೀ. ದಪ್ಪ. ಹೆಂಗಸರ ಪರ್ಸ್ ಅಥವಾ ಲ್ಯಾಪ್‌ಟಾಪ್ ಬ್ಯಾಗ್ ವಿಚಾರದಲ್ಲಿ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ. ಟಿಕೆಟ್‌ನಲ್ಲೇ ಬರೆದಿರುತ್ತೆ, ಓದಿಕೊಳ್ಳಬೇಕು.

ಇದಲ್ಲದೆ ಕೌಂಟರ್‌ನಲ್ಲಿ ಕೊಟ್ಟು ವಿಮಾನದ ಹೊಟ್ಟೆಗೆ ಹಾಕಿಸುವ ಚೆಕ್-ಇನ್ ಲಗೇಜ್ ಬೇರೆ. ಬಹುತೇಕ ಟಿಕೆಟ್‌ಗಳಲ್ಲಿ ಇದಕ್ಕೆ 15 ಕೆ.ಜಿ.ವರೆಗೆ ಪ್ರತ್ಯೇಕ ಹಣ ಇಲ್ಲ. ಆದರೆ ಈಗ ಕೆಲವು ಕಂಪನಿಗಳು ‘ಲೈಟ್’ ಹೆಸರಲ್ಲಿ ಕಡಿಮೆ ದರದ ಟಿಕೆಟ್ ಮಾರುತ್ತಿವೆ. ಅದರಲ್ಲಿ ಹ್ಯಾಂಡ್ ಬ್ಯಾಗ್‌ಗೆ ಮಾತ್ರ ಅವಕಾಶ. ದರ ಕಡಿಮೆ ಅಂತ ಬುಕ್ ಮಾಡಿ, ಆಮೇಲೆ ದೊಡ್ಡ ಸೂಟ್‌ಕೇಸ್ ತಂದರೆ ಉಳಿಸಿದ ದುಡ್ಡಿಗಿಂತ ಹೆಚ್ಚು ಕೌಂಟರ್‌ನಲ್ಲಿ ಕಟ್ಟಬೇಕಾಗಬಹುದು.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರಲ್ಲ. ಹೋಗುವಾಗ ಬಳಸದ 15 ಕೆ.ಜಿ. ಬರುವಾಗ ಸೇರಿಕೊಂಡು 30 ಆಗಲ್ಲ. ಒಂದೊಂದು ಕಡೆಯ ಪ್ರಯಾಣಕ್ಕೆ ಒಂದೊಂದು ಲೆಕ್ಕ.

15 ಕೆ.ಜಿ. ಇದ್ದರೂ ಯಾಕೆ ಬಿಡಬೇಕು?

ಮೊದಲ ಕಾರಣ ಸಮಯ. ಲಗೇಜ್ ಕೊಡುವ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತೆ. ಬೋರ್ಡಿಂಗ್ ಗೇಟ್ ಮುಚ್ಚೋದು ಸಾಮಾನ್ಯವಾಗಿ 25 ನಿಮಿಷ ಮೊದಲು. ಮೊಬೈಲ್‌ನಲ್ಲೇ ವೆಬ್ ಚೆಕ್-ಇನ್ ಮಾಡಿಕೊಂಡು, ಬರೀ ಹ್ಯಾಂಡ್ ಬ್ಯಾಗ್ ಹಿಡಿದು ಬಂದವರು ಕೌಂಟರ್ ಸಾಲು ಬಿಟ್ಟು ನೇರ ಭದ್ರತಾ ತಪಾಸಣೆಗೆ ಹೋಗಬಹುದು. ಸಾಗರ, ಸೊರಬ, ಹೊಸನಗರದಿಂದ ಬರುವವರಿಗೆ ದಾರಿಯಲ್ಲಿ ಹತ್ತು ನಿಮಿಷ ತಡವಾದರೂ ಎದೆ ಹೊಡೆದುಕೊಳ್ಳಬೇಕಿಲ್ಲ. ಹಾಗಂತ ಕೊನೇ ಗಳಿಗೆಯಲ್ಲಿ ಬರೋದು ಬೇಡ.

ಇಳಿದ ಮೇಲೂ ಅಷ್ಟೇ. ಲಗೇಜ್ ಬೆಲ್ಟ್ ಎದುರು ಕಾಯುವ ಕೆಲಸ ಇಲ್ಲ. ಹೈದರಾಬಾದ್ ವಿಮಾನ ನಿಲ್ದಾಣ ಇರೋದು ಶಂಷಾಬಾದ್‌ನಲ್ಲಿ, ನಗರದ ನಡುಭಾಗದಿಂದ 20 ಕಿ.ಮೀ.ಗೂ ಹೆಚ್ಚು ದೂರ. ಕೈಯಲ್ಲಿ ಒಂದೇ ಬ್ಯಾಗ್ ಇದ್ದರೆ ಟ್ಯಾಕ್ಸಿಯನ್ನೇ ಮಾಡಬೇಕು ಅಂತಿಲ್ಲ, ಅಲ್ಲಿನ ಸಾರಿಗೆ ಸಂಸ್ಥೆಯ ಪುಷ್ಪಕ್ ಬಸ್ ಹತ್ತಬಹುದು. ಚಾರ್ಮಿನಾರ್ ಪಕ್ಕದ ಲಾಡ್ ಬಜಾರ್, ಬೇಗಂ ಬಜಾರ್‌ನ ಸಂದಿಗಳಲ್ಲಿ ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಹೋಗೋದು ಎಷ್ಟು ಕಷ್ಟ ಅನ್ನೋದು ಒಮ್ಮೆ ಹೋದವರಿಗೆ ಗೊತ್ತು. ಬೆನ್ನಿನ ಬ್ಯಾಗ್ ಆದರೆ ಎರಡೂ ಕೈ ಖಾಲಿ. ಲಾಡ್ಜ್ ಖಾಲಿ ಮಾಡಿದ ಮೇಲೂ ಲಗೇಜ್ ಎಲ್ಲಿಡೋದು ಅನ್ನುವ ಚಿಂತೆ ಇಲ್ಲದೆ ಸಂಜೆವರೆಗೆ ಓಡಾಡಬಹುದು. ಅಂಗಡಿ ಬಾಗಿಲು ಹಾಕಿ ಬಂದವರಿಗೆ ಎರಡು ದಿನದಲ್ಲಿ ಈ ಗಂಟೆಗಳೇ ಮುಖ್ಯ.

ಎರಡನೇ ಕಾರಣ ವಾಪಸ್ ಬರುವ ಪ್ರಯಾಣ. ಹೋಗುವಾಗ ಎಲ್ಲವೂ ಒಂದೇ ಬ್ಯಾಗ್‌ನಲ್ಲಿ ಮುಗಿದರೆ, ಬರುವಾಗಿನ 15 ಕೆ.ಜಿ. ಪೂರ್ತಿ ಖರೀದಿಗೇ ಸಿಗುತ್ತೆ. ಬಟ್ಟೆ ತುಂಬಿದ ಸೂಟ್‌ಕೇಸ್‌ಗೇ ಹತ್ತು ಕೆ.ಜಿ. ಹೋದರೆ ಸ್ಯಾಂಪಲ್ ಮಾಲಿಗೆ ಜಾಗ ಎಲ್ಲಿ?

ಏಳು ಕೆ.ಜಿ.ಯಲ್ಲಿ ಏನೇನು ಹಿಡಿಯುತ್ತೆ?

ಮೊದಲು ನೋಡಬೇಕಾದ್ದು ಖಾಲಿ ಬ್ಯಾಗ್‌ನ ತೂಕ. ಚಕ್ರದ ಸಣ್ಣ ಸೂಟ್‌ಕೇಸ್ ಖಾಲಿ ಇದ್ದಾಗಲೇ ಎರಡೂವರೆ, ಮೂರು ಕೆ.ಜಿ. ತೂಗಬಹುದು. ಅಂದರೆ ಬಟ್ಟೆ ಹಾಕುವ ಮೊದಲೇ ಅರ್ಧಕ್ಕೆ ಹತ್ತಿರ ಖರ್ಚಾಯ್ತು. ಬೆನ್ನಿಗೆ ಹಾಕುವ ಸಾಧಾರಣ ಬ್ಯಾಗ್ ಒಂದು ಕೆ.ಜಿ. ಒಳಗೇ ಇರುತ್ತೆ.

ಎರಡು ದಿನಕ್ಕೆ ಹೋಗುವ ಗಂಡಸರೊಬ್ಬರ ಅಂದಾಜು ಲೆಕ್ಕ ಹೀಗಿದೆ:

- ಖಾಲಿ ಬ್ಯಾಗ್: 900 ಗ್ರಾಂ
- ಎರಡು ಶರ್ಟ್: 500 ಗ್ರಾಂ
- ಒಂದು ಪ್ಯಾಂಟ್: 400 ಗ್ರಾಂ
- ರಾತ್ರಿಗೆ ಪಂಚೆ ಅಥವಾ ಲುಂಗಿ: 250 ಗ್ರಾಂ
- ಒಳಉಡುಪು ಮೂರು ಜೊತೆ: 300 ಗ್ರಾಂ
- ತೆಳು ಹತ್ತಿ ಟವೆಲ್: 150 ಗ್ರಾಂ
- ಸೋಪು, ಪೇಸ್ಟ್, ಬ್ರಷ್, ಬಾಚಣಿಗೆ: 400 ಗ್ರಾಂ
- ಚಾರ್ಜರ್, ಪವರ್ ಬ್ಯಾಂಕ್: 600 ಗ್ರಾಂ
- ಮಾತ್ರೆ, ಕಾಗದಪತ್ರ, ಕನ್ನಡಕ: 400 ಗ್ರಾಂ
- ಮಡಚುವ ಖಾಲಿ ಚೀಲ: 200 ಗ್ರಾಂ

ಒಟ್ಟು 4 ಕೆ.ಜಿ. 100 ಗ್ರಾಂ. ಇನ್ನೂ ಸುಮಾರು ಮೂರು ಕೆ.ಜಿ. ಉಳಿಯಿತು. ಮೈಮೇಲಿನ ಬಟ್ಟೆ, ಕಾಲಿನ ಶೂ ಈ ಲೆಕ್ಕಕ್ಕೆ ಬರಲ್ಲ. ಆದ್ದರಿಂದ ಭಾರದ್ದನ್ನು ಮೈಮೇಲೆ ಹಾಕಿಕೊಳ್ಳೋದು ಜಾಣತನ. ಜೀನ್ಸ್ ಪ್ಯಾಂಟ್ ಒಂದೇ 600–700 ಗ್ರಾಂ ತೂಗುತ್ತೆ. ಅದು ಬ್ಯಾಗ್‌ನಲ್ಲಿ ಬೇಡ, ಉಟ್ಟುಕೊಂಡೇ ಹೋಗಲಿ.

ಹೆಂಗಸರದ್ದಾದರೆ ಹತ್ತಿ ಸೀರೆ, ರವಿಕೆ, ಲಂಗ ಸೇರಿ ಒಂದು ಜೊತೆಗೆ 850 ಗ್ರಾಂ ಆಸುಪಾಸು. ಎರಡು ಜೊತೆ ಇಟ್ಟರೂ ಒಟ್ಟು ಐದು ಕೆ.ಜಿ. ದಾಟಲ್ಲ. ಚೂಡಿದಾರ್ ಆದರೆ ಇನ್ನೂ ಕಡಿಮೆ. ಮದುವೆ, ಗೃಹಪ್ರವೇಶ ಇದ್ದು ಜರಿ ಸೀರೆ ಬೇಕೇ ಬೇಕು ಅಂದರೂ ಜಾಗ ಇದೆ. ‘ಇರಲಿ’ ಅಂತ ಇಡುವ ಇನ್ನೊಂದು ಸೀರೆ, ದಪ್ಪ ಟರ್ಕಿ ಟವೆಲ್, ಎರಡನೇ ಜೊತೆ ಚಪ್ಪಲಿ, ಬೆಡ್‌ಶೀಟ್ ಬಿಟ್ಟರೆ ಸಾಕು. ತೂಕ ಹೆಚ್ಚಿಸೋದು ಬೇಕಾದ ವಸ್ತುಗಳಲ್ಲ, ಈ ‘ಇರಲಿ’ ವಸ್ತುಗಳು.

ಇನ್ನು ತೂಕ ನೋಡೋದು. ಹೊರಡುವ ಹಿಂದಿನ ರಾತ್ರಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಬ್ಯಾಗ್ ಇಟ್ಟರೆ ಗ್ರಾಂ ಲೆಕ್ಕದಲ್ಲಿ ಗೊತ್ತಾಗುತ್ತೆ. ಅಂಗಡಿ ಇಲ್ಲದವರು ಪಕ್ಕದ ಕಿರಾಣಿ ಅಂಗಡಿಯವರನ್ನು ಕೇಳಿದರೆ ಬೇಡ ಅನ್ನಲಿಕ್ಕಿಲ್ಲ.

ಮಲೆನಾಡಿನವರ ಬ್ಯಾಗ್‌ನಲ್ಲಿ ಸಿಕ್ಕಿಬೀಳುವ ವಸ್ತುಗಳು

ತೂಕ ಸರಿ ಇದ್ದರೂ ತಪಾಸಣೆಯಲ್ಲಿ ಬ್ಯಾಗ್ ನಿಲ್ಲೋದು ಒಳಗಿನ ವಸ್ತುಗಳಿಂದ. ನಮ್ಮ ಕಡೆಯವರು ಮುಖ್ಯವಾಗಿ ಗಮನಿಸಬೇಕಾದವು ಇವು:

ಅಡಕತ್ತರಿ: ಎಲೆಯಡಿಕೆ ಸಂಚಿ ಇರುವ ಹಿರಿಯರು ಇದನ್ನು ಮರೆತೇ ಬಿಡ್ತಾರೆ. ಎಲೆ, ಅಡಿಕೆಗೆ ತೊಂದರೆ ಇಲ್ಲ. ಆದರೆ ಅಡಕತ್ತರಿ, ಚಾಕು, ಬ್ಲೇಡ್‌ನಂಥ ಹರಿತವಾದ ವಸ್ತು ವಿಮಾನದೊಳಗೆ ಬಿಡಲ್ಲ. ಅಲ್ಲಿ ಬಿಟ್ಟುಹೋದರೆ ಮತ್ತೆ ಸಿಗುತ್ತೆ ಅನ್ನುವ ಖಾತ್ರಿ ಇಲ್ಲ. ಅಜ್ಜನ ಕಾಲದ ಅಡಕತ್ತರಿ ಕಳೆದುಕೊಳ್ಳೋದಕ್ಕಿಂತ ಮನೆಯಲ್ಲೇ ಅಡಿಕೆ ಹೋಳು ಮಾಡಿ ಡಬ್ಬಿಗೆ ತುಂಬಿಕೊಳ್ಳೋದು ಒಳ್ಳೆಯದು.

ಒಣ ಕೊಬ್ಬರಿ: ಇದರಲ್ಲಿ ಎಣ್ಣೆ ಅಂಶ ಹೆಚ್ಚು, ಬೆಂಕಿ ಹೊತ್ತಿಕೊಳ್ಳಬಹುದು ಅನ್ನುವ ಕಾರಣಕ್ಕೆ ಒಯ್ಯಲು ಬಿಡಲ್ಲ. ಕೊಬ್ಬರಿ ಗಿಟುಕು ಕೊಡುವ ಆಸೆ ಇದ್ದರೆ ಬೇರೆ ದಾರಿ ನೋಡಬೇಕು.

ಜೋನಿ ಬೆಲ್ಲ, ತುಪ್ಪ, ಜೇನುತುಪ್ಪ, ಮಿಡಿ ಉಪ್ಪಿನಕಾಯಿ: ನೆಂಟರ ಮನೆಗೆ ಬರಿಗೈಲಿ ಹೋಗಬಾರದು ಅನ್ನೋದು ನಮ್ಮ ಪದ್ಧತಿ. ಆದರೆ ಹರಿಯುವ, ಎಣ್ಣೆ ಬಿಡುವ ವಸ್ತುಗಳು ಹ್ಯಾಂಡ್ ಬ್ಯಾಗ್‌ಗೆ ಆಗಿಬರಲ್ಲ. ತಪಾಸಣೆಯಲ್ಲಿ ಚರ್ಚೆ ತಪ್ಪಿದ್ದಲ್ಲ, ಬಿಟ್ಟರೂ ಮುಚ್ಚಳ ಸಡಿಲವಾದರೆ ಬಟ್ಟೆಯೆಲ್ಲ ಹಾಳು. ಬದಲಿಗೆ ಹಲಸಿನ ಹಪ್ಪಳ, ಡಬ್ಬಿಯಲ್ಲಿ ಜೋಡಿಸಿದ ತೊಡೆದೇವು ಒಯ್ಯಬಹುದು. ಹಗುರ, ಸೋರಲ್ಲ, ಪಡೆದವರಿಗೂ ಖುಷಿ.

ಖಾರದಪುಡಿ: ಕಣ್ಣಿಗೆ ಎರಚಬಹುದಾದ ವಸ್ತು ಅಂತ ಒಳಗೆ ಬಿಡಲ್ಲ.

ಬೆಂಕಿಪೊಟ್ಟಣ, ಲೈಟರ್: ಬಿಡಲ್ಲ. ಜೇಬು, ಬ್ಯಾಗ್‌ನ ಹೊರಗಿನ ಖಾನೆ ಎರಡನ್ನೂ ಹೊರಡುವ ಮೊದಲು ನೋಡಿಕೊಳ್ಳಬೇಕು.

ಪವರ್ ಬ್ಯಾಂಕ್: ಇದು ಉಲ್ಟಾ. ಚೆಕ್-ಇನ್ ಲಗೇಜ್‌ನಲ್ಲಿ ಹಾಕುವಂತಿಲ್ಲ, ಜೊತೆಯಲ್ಲೇ ಇರಬೇಕು. ಮಿತಿ 100 ವ್ಯಾಟ್-ಅವರ್, ಅಂದರೆ ಸುಮಾರು 27,000 ಎಂಎಎಚ್. ಮಾಮೂಲಿ 10,000 ಅಥವಾ 20,000 ಎಂಎಎಚ್‌ನವು ಈ ಮಿತಿಯೊಳಗೇ ಬರುತ್ತವೆ. ಮೇಲೆ ಬರೆದಿರುವ ಅಂಕಿ ಅಳಿಸಿಹೋಗಿದ್ದರೆ ತಕರಾರು ಬರಬಹುದು.

ಶಾಂಪೂ, ತಲೆಗೆಣ್ಣೆಗೆ ಸಣ್ಣ ಬಾಟಲಿ ಅಥವಾ ಸ್ಯಾಶೆ ಸಾಕು. ವಿದೇಶಕ್ಕೆ ಹೋಗುವ ವಿಮಾನದಲ್ಲಾದರೆ ಒಂದೊಂದು ಬಾಟಲಿ 100 ಎಂ.ಎಲ್. ಮೀರುವಂತಿಲ್ಲ. ದೇಶದೊಳಗಿನ ಪ್ರಯಾಣಕ್ಕೂ ಅದೇ ಅಳತೆ ಇಟ್ಟುಕೊಂಡರೆ ಕ್ಷೇಮ. ಯಾವುದೇ ವಸ್ತು ಇರಲಿ, ಬಿಡಬೇಕೋ ಬೇಡವೋ ಅನ್ನುವ ಕೊನೇ ಮಾತು ಭದ್ರತಾ ಸಿಬ್ಬಂದಿಯದ್ದು.

ಸಣ್ಣ ವಿಮಾನವಾದರೆ ಈ ಎಚ್ಚರ ಬೇಕು

ಸಣ್ಣ ಊರುಗಳ ಮಾರ್ಗದಲ್ಲಿ ಎಟಿಆರ್‌ನಂಥ ಸಣ್ಣ ವಿಮಾನಗಳು ಹೆಚ್ಚು. ಇವುಗಳಲ್ಲಿ ಸೀಟಿನ ಮೇಲಿನ ಲಗೇಜ್ ಖಾನೆ ಚಿಕ್ಕದು. ಬ್ಯಾಗ್ ಗಟ್ಟಿಯಾಗಿದ್ದು ಹಿಡಿಯದಿದ್ದರೆ, ಅಥವಾ ಜಾಗ ತುಂಬಿದ್ದರೆ, ವಿಮಾನದ ಹತ್ತಿರ ಸಿಬ್ಬಂದಿಯೇ ಚೀಟಿ ಕಟ್ಟಿ ಕೆಳಗಿನ ಲಗೇಜ್ ಜಾಗಕ್ಕೆ ಹಾಕಿಸಬಹುದು. ಮೆತ್ತನೆ ಬಟ್ಟೆಯ ಬ್ಯಾಗ್ ಆದರೆ ಸೀಟಿನಡಿಯಾದರೂ ಸೇರಿಕೊಳ್ಳುತ್ತೆ.

ಹೀಗಾಗಬಹುದು ಅಂತಲೇ ಬ್ಯಾಗ್‌ನೊಳಗೆ ಮೇಲ್ಗಡೆ ಒಂದು ಸಣ್ಣ ಬಟ್ಟೆ ಚೀಲ ಇಟ್ಟುಕೊಳ್ಳಬೇಕು. ಬಿಪಿ, ಶುಗರ್ ಮಾತ್ರೆ, ಇನ್ಸುಲಿನ್, ವೈದ್ಯರ ಚೀಟಿ, ಹಣ, ಒಡವೆ, ಆಧಾರ್ ಅಥವಾ ಬೇರೆ ಗುರುತಿನ ಚೀಟಿ, ಪವರ್ ಬ್ಯಾಂಕ್ ಎಲ್ಲವೂ ಅದರಲ್ಲೇ ಇರಲಿ. ಬ್ಯಾಗ್ ಕೆಳಗೆ ಹೋಗುತ್ತೆ ಅಂದ ತಕ್ಷಣ ಈ ಚೀಲ ಎತ್ತಿಕೊಂಡರಾಯ್ತು. ಮೆಟ್ಟಿಲ ಬುಡದಲ್ಲಿ ಎಲ್ಲರೆದುರು ಬ್ಯಾಗ್ ಬಿಚ್ಚಿ ಹುಡುಕೋದು ತಪ್ಪುತ್ತೆ. ಆಸ್ಪತ್ರೆಗೆ ಅಂತ ಹೋಗುವವರಂತೂ ಹಳೇ ರಿಪೋರ್ಟ್‌ಗಳನ್ನು ಯಾವ ಕಾರಣಕ್ಕೂ ಕೈಬಿಡಬಾರದು.

ಬರುವಾಗ ಮಾಲು ತರೋದು ಹೇಗೆ?

ಮಡಚಿಟ್ಟುಕೊಂಡ ಖಾಲಿ ಚೀಲ ಈಗ ಕೆಲಸಕ್ಕೆ ಬರುತ್ತೆ. ಬಟ್ಟೆ, ಸ್ಯಾಂಪಲ್, ಮನೆಯವರಿಗೆ ಕೊಂಡಿದ್ದು ಅದರಲ್ಲಿ ತುಂಬಿ ಚೆಕ್-ಇನ್‌ಗೆ ಕೊಡಬಹುದು. ಲಾಡ್ ಬಜಾರ್‌ನ ಬಳೆಗಳಂಥ ಒಡೆಯುವ ವಸ್ತು ಮಾತ್ರ ಬಟ್ಟೆಯಲ್ಲಿ ಸುತ್ತಿ ಹ್ಯಾಂಡ್ ಬ್ಯಾಗ್‌ನ ನಡುವೆ ಇಡೋದು ಒಳ್ಳೆಯದು. ಉಳಿಸಿಕೊಂಡ ಮೂರು ಕೆ.ಜಿ. ಇದಕ್ಕೇ.

15 ಕೆ.ಜಿ. ಮೀರುವ ಅಂದಾಜಿದ್ದರೆ ಹೆಚ್ಚುವರಿ ತೂಕವನ್ನು ಮೊದಲೇ ಆನ್‌ಲೈನ್‌ನಲ್ಲಿ ಕೊಂಡುಕೊಳ್ಳಬೇಕು. ಸಾಮಾನ್ಯವಾಗಿ ಕೌಂಟರ್‌ನಲ್ಲಿ ಕಟ್ಟೋದಕ್ಕಿಂತ ಕಡಿಮೆಯಾಗುತ್ತೆ. ಇನ್ನು ಅಂಗಡಿಗೆ ತುಂಬುವಷ್ಟು ಮಾಲಾದರೆ ವಿಮಾನದ ಮಾತೇ ಬೇಡ. ಟ್ರಾನ್ಸ್‌ಪೋರ್ಟ್‌ನಲ್ಲಿ ಪಾರ್ಸೆಲ್ ಹಾಕಿಸಿ, ಜಿಎಸ್‌ಟಿ ಬಿಲ್ ಕೈಗೆ ಪಡೆದು ಬರಬೇಕು. ಹೊರರಾಜ್ಯದಿಂದ ಬರುವ ಮಾಲಿನ ಮೌಲ್ಯ 50,000 ರೂ. ದಾಟಿದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ಅದನ್ನು ಮಾಡಿಸಿದ್ದಾರಾ ಅಂತ ಅಲ್ಲೇ ಕೇಳಿ ಖಚಿತ ಮಾಡಿಕೊಳ್ಳಬೇಕು.

ರೈಲು, ಬಸ್ಸಿನವರಿಗೆ?

ರೈಲಿನಲ್ಲಿ ತೂಕದ ಬಿಗಿ ಇಷ್ಟಿಲ್ಲ. ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ತಲಾ 40 ಕೆ.ಜಿ.ವರೆಗೆ ಉಚಿತ. ಆದರೆ ಅಷ್ಟನ್ನು ಹೊತ್ತು ಪ್ಲಾಟ್‌ಫಾರಂ ಮೆಟ್ಟಿಲು ಹತ್ತಿಳಿಯಬೇಕಾದವರು ಪ್ರಯಾಣಿಕರೇ. ರಾತ್ರಿ ನಿದ್ದೆ ಮಾಡುವಾಗ ಮೂರು ಲಗೇಜ್ ಕಾಯೋದಕ್ಕಿಂತ ಒಂದೇ ಬ್ಯಾಗ್ ತಲೆದಿಂಬಾಗಿ ಇಟ್ಟುಕೊಳ್ಳೋದು ಸುಲಭ. ಹಾಗಾಗಿ ಇದೇ ಪಟ್ಟಿ ಬೆಂಗಳೂರಿಗೆ ರೈಲು, ಬಸ್ಸಿನಲ್ಲಿ ಹೋಗುವವರಿಗೂ ಆಗುತ್ತೆ.

ಹೊರಡುವ ಹಿಂದಿನ ರಾತ್ರಿ ನೋಡಬೇಕಾದ್ದು

1. ಟಿಕೆಟ್‌ನಲ್ಲಿ ಹ್ಯಾಂಡ್ ಬ್ಯಾಗ್, ಚೆಕ್-ಇನ್ ಎರಡರ ಮಿತಿ ಓದಿದ್ದಾಯಿತೇ? ಹೋಗುವ ಕಂಪನಿ ಬೇರೆ, ಬರುವ ಕಂಪನಿ ಬೇರೆ ಆಗಿದ್ದರೆ ಎರಡನ್ನೂ ಓದಬೇಕು.
2. ವೆಬ್ ಚೆಕ್-ಇನ್ ಆಗಿದೆಯೇ?
3. ಬ್ಯಾಗ್ ತೂಕ ಆರು ಕೆ.ಜಿ. ಒಳಗಿದೆಯೇ? ಒಂದು ಕೆ.ಜಿ. ಕೈಯಲ್ಲಿರಲಿ.
4. ಅಡಕತ್ತರಿ, ಚಾಕು, ಬೆಂಕಿಪೊಟ್ಟಣ ತೆಗೆದಿದ್ದೀರಾ?
5. ಮಾತ್ರೆ, ಗುರುತಿನ ಚೀಟಿ, ಪವರ್ ಬ್ಯಾಂಕ್ ಇರುವ ಸಣ್ಣ ಚೀಲ ಮೇಲ್ಗಡೆ ಇದೆಯೇ?
6. ಮಡಚುವ ಖಾಲಿ ಚೀಲ ಇಟ್ಟುಕೊಂಡಿದ್ದೀರಾ?

ಸೋಗಾನೆಯಿಂದ ಹೊರಡುವ ವಿಮಾನಗಳ ಮಾರ್ಗ, ವೇಳೆ ಆಗಾಗ ಬದಲಾಗುತ್ತವೆ. ಲಗೇಜ್ ನಿಯಮ, ದರಗಳೂ ಅಷ್ಟೇ. ಬುಕ್ ಮಾಡುವ ದಿನ ಒಮ್ಮೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳುವುದು ಸೂಕ್ತ.