ಮಾದಪ್ಪನ ದಾರಿಯ ಮಗ್ಗುಲಲ್ಲಿ ಓಟ

ಶಿವರಾತ್ರಿ ಹತ್ತಿರವಾಯಿತೆಂದರೆ ಹನೂರು ಸೀಮೆಯ ದಾರಿಗಳೆಲ್ಲ ಕಾಲ್ನಡಿಗೆಯವರದೇ. ಕನಕಪುರ, ರಾಮನಗರ, ಮಂಡ್ಯದ ಕಡೆಯಿಂದ ಹೊರಟವರು ಸಂಗಮದ ಆಸುಪಾಸಿನಲ್ಲಿ ಕಾವೇರಿ ದಾಟಿ, ಕಾಡು ಹಾದು ಶಾಗ್ಯದ ಕಡೆ ಬಂದು, ಕೌದಳ್ಳಿಯ ಮೇಲೆ ತಾಳಬೆಟ್ಟ ಮುಟ್ಟಿ, ಅಲ್ಲಿಂದ ಮಲೆ ಮಹದೇಶ್ವರನ ಬೆಟ್ಟ ಹತ್ತುತ್ತಾರೆ. ಹೆಗಲಿಗೊಂದು ಚೀಲ, ತಲೆಗೊಂದು ಟವೆಲು, ಕಾಲಿಗೆ ಹವಾಯಿ ಚಪ್ಪಲಿ. ಹರಕೆ ಹೊತ್ತವರಿಗೆ ಅದೂ ಇಲ್ಲ. ಉರಿಬಿಸಿಲಿನಲ್ಲಿ ಮರದಡಿ ಒರಗುತ್ತಾರೆ, ತಂಪು ಹೊತ್ತಿನಲ್ಲಿ ನಡೆಯುತ್ತಾರೆ, ದಾರಿಯ ಊರವರು ಕೊಟ್ಟ ಮಜ್ಜಿಗೆ, ಪಾನಕ ಕುಡಿದು ‘ಉಘೇ ಮಾದಪ್ಪ’ ಎಂದು ಏಳುತ್ತಾರೆ. ಏರು ಬಂದರೆ ಯಾರೂ ಅವಸರ ಮಾಡುವುದಿಲ್ಲ.

ಇದೇ ಸೀಮೆಯ ರಾಮಾಪುರದ ಸುತ್ತಿನ ಮಣ್ಣುದಾರಿಗಳಲ್ಲಿ ಓಡುವ ಹವ್ಯಾಸಿ ನಾನು. ದೂರದ ಓಟದ ಬಗ್ಗೆ ತರಬೇತಿ ಪುಸ್ತಕಗಳಲ್ಲಿ ಓದಿದ್ದನ್ನೆಲ್ಲ ಈ ನಡಿಗೆಯವರಲ್ಲಿ ಮೊದಲೇ ಕಂಡಿದ್ದೆ. ಟ್ರೇಲ್ ರನ್ನಿಂಗ್ ಎಂಬ ಹೊಸ ಕ್ರೀಡೆಗೆ ನಮ್ಮ ಹೋಬಳಿ ಹೊಸದಲ್ಲ ಎಂಬ ನನ್ನ ನಂಬಿಕೆ ಹುಟ್ಟಿದ್ದು ಅಲ್ಲಿಂದ.

ಡಾಂಬರು ಬಿಟ್ಟು ಮಣ್ಣು, ಕಲ್ಲು, ಹುಲ್ಲು, ಏರಿಳಿತಗಳ ಮೇಲೆ ಓಡುವುದು ಟ್ರೇಲ್ ಓಟ. ನಮ್ಮ ಕಾಲೇಜುಗಳು ವರ್ಷವರ್ಷ ನಡೆಸುವ ಗುಡ್ಡಗಾಡು ಓಟ ಇದಕ್ಕೆ ಹತ್ತಿರದ ನೆಂಟ. ಅಲ್ಲಿ ಓಟ ಹತ್ತು ಹನ್ನೆರಡು ಕಿ.ಮೀ.ಗೆ ಮುಗಿದರೆ ಇಲ್ಲಿ ದೂರಕ್ಕೆ ಮಿತಿಯಿಲ್ಲ. 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗಾರ್ಡಿ ಐನ್ಸ್‌ಲೀ ಎಂಬಾತ 100 ಮೈಲಿಯ ಕುದುರೆ ಸವಾರಿ ಸ್ಪರ್ಧೆಗೆ ಕುದುರೆಯಿಲ್ಲದೆ ಬಂದು ನಿಂತ. ಹಿಂದಿನ ವರ್ಷ ಕುದುರೆ ಕುಂಟಿ ಅರ್ಧದಲ್ಲೇ ಹೊರಬಿದ್ದಿದ್ದ. ಈ ಸಲ ತಾನೇ ಓಡಿ, ಸವಾರರಿಗೆ ಕೊಟ್ಟಿದ್ದ 24 ಗಂಟೆಯ ಗಡುವಿನೊಳಗೆ, 23 ಗಂಟೆ 42 ನಿಮಿಷದಲ್ಲಿ ಮುಟ್ಟಿದ. ಇಂದಿನ ‘ವೆಸ್ಟರ್ನ್ ಸ್ಟೇಟ್ಸ್’ ಓಟಕ್ಕೆ ಅದೇ ಬೀಜ. ಯುರೋಪಿನಲ್ಲಿ ಮೌಂಟ್ ಬ್ಲಾಂಕ್ ಪರ್ವತವನ್ನು ಸುತ್ತುವ ಓಟ 2003ರಲ್ಲಿ ಶುರುವಾಯಿತು. ಸುಮಾರು 170 ಕಿ.ಮೀ. ದೂರ, ಒಟ್ಟು 10,000 ಮೀಟರಿನಷ್ಟು ಏರು.

ಏರಿನ ಈ ಲೆಕ್ಕ ಟ್ರೇಲ್‌ನಲ್ಲಿ ದೂರದ ಲೆಕ್ಕಕ್ಕಿಂತ ಮುಖ್ಯ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲೇ ಇದಕ್ಕೊಂದು ಅಂದಾಜು ಕೊಟ್ಟಿದ್ದ: ನಡೆಯುವವನಿಗೆ ಪ್ರತಿ ಐದು ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಹೊಸಬರು ಮೊಬೈಲಿನಲ್ಲಿ ಕಿ.ಮೀ.ಗೆ ಇಷ್ಟು ನಿಮಿಷ ಎಂದು ನೋಡಿಕೊಂಡು ಕುಗ್ಗುವುದುಂಟು. ಗುಡ್ಡದ ಮೇಲೆ ಆ ಅಂಕಿಗೆ ಅರ್ಥವಿಲ್ಲ. ಕಡಿದಾದ ಏರಿನಲ್ಲಿ ಕೈಗಳನ್ನು ತೊಡೆಯ ಮೇಲೆ ಒತ್ತಿಕೊಂಡು ಬಿರುಸಾಗಿ ನಡೆಯುವುದೇ ಸರಿ. ಪಂದ್ಯ ಗೆಲ್ಲುವವರೂ ನಡೆಯುತ್ತಾರೆ.

ಈ ಓಟದ ನಿಜವಾದ ವಿದ್ಯೆ ಇರುವುದು ಇಳಿಜಾರಿನಲ್ಲಿ. ಏರುವಾಗ ಉಸಿರು ಸೋಲುತ್ತದೆ, ಇಳಿಯುವಾಗ ತೊಡೆ ಸೋಲುತ್ತದೆ. ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಭಾರ ತಡೆಯುತ್ತಲೇ ಹಿಗ್ಗಬೇಕು. ಹೀಗೆ ಎಳೆದಾಡಿದಾಗ ಅದರ ನವಿರಾದ ಎಳೆಗಳು ಹರಿಯುತ್ತವೆ. ಓಡಿದ ದಿನ ಏನೂ ಅನಿಸುವುದಿಲ್ಲ, ಮಾರನೆಯ ದಿನ, ಅದರಾಚೆಯ ದಿನ ಮೆಟ್ಟಿಲಿಳಿಯಲು ಆಗುವುದಿಲ್ಲ. ಅಭ್ಯಾಸದಲ್ಲಿ ಸ್ವಲ್ಪಸ್ವಲ್ಪವೇ ಇಳಿಜಾರು ಸೇರಿಸುತ್ತ ಬಂದರೆ ಸ್ನಾಯು ಅದಕ್ಕೆ ಒಗ್ಗಿಕೊಂಡು ಮುಂದಿನ ಸಲ ಅಷ್ಟು ನೋಯುವುದಿಲ್ಲ. ಹೆಜ್ಜೆ ಗಿಡ್ಡವಾಗಿರಬೇಕು, ಮಂಡಿ ತುಸು ಬಾಗಿರಬೇಕು, ಪಾದ ಮೈಯ ಕೆಳಗೇ ಊರಬೇಕು. ಕಣ್ಣು ಕಾಲ ಬುಡದಲ್ಲಿರಬಾರದು, ನಾಲ್ಕೈದು ಹೆಜ್ಜೆ ಮುಂದಿರಬೇಕು. ಹಿಮ್ಮಡಿ ಮುಂದೆ ಚಾಚಿ ಬ್ರೇಕ್ ಹಾಕಹೋದರೆ ನಮ್ಮ ಕಡೆಯ ಗರಸು ನೆಲದಲ್ಲಿ ಜಾರಿ ಕೂರುವುದು ಖಂಡಿತ. ಗುಡ್ಡದಿಂದ ಸೌದೆ ಹೊತ್ತು ಇಳಿಯುವ ಹೆಂಗಸರ ಹೆಜ್ಜೆ ನೋಡಿ: ಸಣ್ಣದು, ಬೇಗನೆಯದು, ಸದ್ದಿಲ್ಲದ್ದು. ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾವ ವಿಡಿಯೊದಲ್ಲೂ ಸಿಕ್ಕಿಲ್ಲ.

ಇನ್ನು ಶೂ. 1993ರಲ್ಲಿ ಅಮೆರಿಕದ ಲೆಡ್‌ವಿಲ್‌ನ 100 ಮೈಲಿ ಓಟ ಗೆದ್ದವನು ಮೆಕ್ಸಿಕೊದ ತಾರಾಹುಮಾರ ಬುಡಕಟ್ಟಿನ 55 ವರ್ಷದ ವಿಕ್ಟೋರಿಯಾನೊ ಚುರ್ರೊ, ಅದೂ ಹಳೆಯ ಟಯರಿನಿಂದ ಕತ್ತರಿಸಿದ ಚಪ್ಪಲಿಯಲ್ಲಿ. ನಮ್ಮ ಸಂತೆಗಳಲ್ಲಿ ಟಯರ್ ಚಪ್ಪಲಿ ಕಂಡಾಗಲೆಲ್ಲ ನನಗೆ ಆತನ ನೆನಪು. ಹಾಗೆಂದು ಎಲ್ಲರೂ ಚಪ್ಪಲಿಯಲ್ಲಿ ಓಡಿ ಎನ್ನಲಾರೆ. ಹುಟ್ಟಿನಿಂದ ಬರಿಗಾಲಲ್ಲಿ ಬೆಟ್ಟ ತಿರುಗಿದ ಪಾದವೇ ಬೇರೆ, ಕುರ್ಚಿಯಲ್ಲಿ ಕುಳಿತು ದುಡಿದ ಪಾದವೇ ಬೇರೆ. ಟ್ರೇಲ್ ಶೂಗಳ ಅಟ್ಟೆಯಲ್ಲಿ ಮೂರರಿಂದ ಐದು ಮಿ.ಮೀ. ಎತ್ತರದ ರಬ್ಬರ್ ಹಲ್ಲುಗಳಿರುತ್ತವೆ. ಒಣ ಗರಸಿಗೆ ಮೂರು ನಾಲ್ಕು ಸಾಕು. ಮಳೆ ಬಿದ್ದ ಮಾರನೆಯ ದಿನ ಹೊಲದ ದಾರಿಯಲ್ಲಿ ಹಲ್ಲುಗಳ ನಡುವೆ ಜೇಡಿ ಮೆತ್ತಿ ಕಾಲು ಭಾರ. ಕೆಲವು ಶೂಗಳಲ್ಲಿ ಅಟ್ಟೆಯೊಳಗೆ ತೆಳು ಗಟ್ಟಿ ಹಾಳೆಯೊಂದಿರುತ್ತದೆ. ಕಲ್ಲಿನ ಚೂಪು ತಡೆಯಲೆಂದು ಮಾಡಿದ್ದು, ಇಲ್ಲಿ ಜಾಲಿಮುಳ್ಳಿಗೂ ಅದೇ ರಕ್ಷೆ. ಅಳತೆ ಹೆಬ್ಬೆರಳಿನಗಲದಷ್ಟು ದೊಡ್ಡದಿರಲಿ. ದೂರ ಓಡಿದಂತೆ ಪಾದ ಊದುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ ಜರುಗುತ್ತದೆ. ಬಿಗಿ ಶೂ ಹಾಕಿದವರ ಉಗುರು ಕಪ್ಪಾಗಿ ಉದುರುವುದು ಹೀಗೆಯೇ. ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಬೊಬ್ಬೆ ಎಬ್ಬಿಸುತ್ತದೆ. ದುಬಾರಿ ಶೂಗಿಂತ ಮೊದಲು ಒಳ್ಳೆಯ ಕಾಲುಚೀಲ ಕೊಳ್ಳಿ.

ಬೆನ್ನಿಗಂಟುವ ಓಟದ ಚೀಲ ಹೊಸಬರಿಗೆ ಆಡಂಬರವಾಗಿ ಕಾಣಬಹುದು. ನೀರಿನ ಮೆತ್ತನೆ ಬಾಟಲಿಗಳು ಎದೆಯ ಮೇಲೆ ಕೂರುವುದರಿಂದ ಕೈ ಖಾಲಿ ಇರುತ್ತದೆ, ಎಡವಿದಾಗ ಊರಿಕೊಳ್ಳಲು ಆ ಕೈ ಬೇಕು. ಆದರೆ ಬರೀ ನೀರು ಕುಡಿಯುತ್ತ ಹೋಗುವುದೂ ಅಪಾಯವೇ. ಗಂಟೆಗಟ್ಟಲೆ ಬೆವರು ಹರಿಸಿ ಅಳತೆ ಮೀರಿ ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗಲಿಬಿಲಿ ಶುರುವಾಗುತ್ತದೆ, ಪ್ರಾಣಕ್ಕೂ ಕುತ್ತಾಗಬಹುದು. ಬಾಯಾರಿದಷ್ಟೇ ಕುಡಿಯಿರಿ, ಜೊತೆಗೆ ಓಆರ್‌ಎಸ್ ಇರಲಿ. ನನ್ನ ಚೀಲದಲ್ಲಿ ಕಡಲೆಮಿಠಾಯಿ, ಬಾಳೆಹಣ್ಣು, ಉಪ್ಪು ಬೆರೆಸಿದ ಹುಣಸೆಹಣ್ಣಿನ ಉಂಡೆ, ಮುಳ್ಳು ಕೀಳಲು ಚಿಮುಟ. ಮನೆಗೆ ಬಂದಮೇಲೆ ತಿಳಿ ಅಂಬಲಿ.

ಓಟಗಳಲ್ಲಿ ಹೊಸಬರಿಗೆ ನಾನು ಮೊದಲು ಹೇಳುವುದು ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನ್. ರಂಗನತಿಟ್ಟಿನ ಬಳಿ ನಾಲೆಯ ಏರಿಯ ಮೇಲೆ, ಗದ್ದೆಗಳ ನಡುವೆ, ಹೆಚ್ಚುಕಡಿಮೆ ಸಮತಟ್ಟಾದ ಮಣ್ಣುದಾರಿ. ಬೆಂಗಳೂರು ಅಲ್ಟ್ರಾ 2007ರಿಂದ ನಡೆದುಬಂದದ್ದು, ಹೆಣ್ಣೂರಿನ ಬಿದಿರು ಕಾಡಿನ ದಾರಿಗಳಿಂದ ಹೆಸರಾದದ್ದು. ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳಲ್ಲಿ 2016ರಲ್ಲಿ ಶುರುವಾದ ಮಲ್ನಾಡ್ ಅಲ್ಟ್ರಾ ಇವೆರಡಕ್ಕಿಂತ ಕಠಿಣ. 50 ಕಿ.ಮೀ. ಮತ್ತು ಅದಕ್ಕೂ ಮೇಲಿನ ದೂರಗಳು, ಕೆಸರು, ಜಿಗಣೆ. ಮರಕ್ಕೆ ಕಟ್ಟಿದ ರಿಬ್ಬನ್ನು ಹಿಡಿದೇ ದಾರಿ ಕಾಣಬೇಕು, ಗಡುವಿನೊಳಗೆ ನಿಗದಿತ ಜಾಗ ಮುಟ್ಟದಿದ್ದರೆ ಅಲ್ಲೇ ನಿಲ್ಲಿಸುತ್ತಾರೆ. ಎಲ್ಲರಿಗಿಂತ ಹಿಂದೆ ಬರುವವರ ಬೆನ್ನಿಗೂ ಕಾರ್ಯಕರ್ತರೊಬ್ಬರು ಇರುತ್ತಾರೆ. ಈ ವ್ಯವಸ್ಥೆ ನನಗೆ ತುಂಬ ಹಿಡಿಸಿದ್ದು.

ರಾಮಾಪುರದಲ್ಲಿ ಇಂಥದ್ದು ಯಾಕಿಲ್ಲ? ಕಾರಣಗಳಿವೆ. 1992ರ ಮೇ ತಿಂಗಳಲ್ಲಿ ಕಾಡುಗಳ್ಳ ವೀರಪ್ಪನ್ ತಂಡ ಇಲ್ಲಿನ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿ ಐವರು ಪೊಲೀಸರನ್ನು ಕೊಂದಿತು. 2004ರಲ್ಲಿ ಅವನು ಸಾಯುವವರೆಗೆ ಈ ದಾರಿಗಳಲ್ಲಿ ಹೊತ್ತು ಮುಳುಗಿದ ಮೇಲೆ ಕಾಲಿಡುವುದೇ ಸಾಹಸ. ಖುಷಿಗಾಗಿ ಓಡುವ ಮಾತು ಯಾರಿಗೂ ಹೊಳೆಯುವಂತಿರಲಿಲ್ಲ.

ಇಂದಿಗೂ ಉಳಿದಿರುವ ಕಾರಣ ಕಾಡು. ಮಲೆ ಮಹದೇಶ್ವರ ವನ್ಯಧಾಮ ಘೋಷಣೆಯಾದದ್ದು 2013ರಲ್ಲಿ, ವಿಸ್ತಾರ 906 ಚದರ ಕಿ.ಮೀ. ಒಂದು ಕಡೆ ಕಾವೇರಿ ವನ್ಯಧಾಮ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ, ದಕ್ಷಿಣಕ್ಕೆ ತಮಿಳುನಾಡಿನ ಸತ್ಯಮಂಗಲ. ಆನೆಗಳಿಗೆ ಇದೆಲ್ಲ ಒಂದೇ ಮನೆ. 1972ರ ವನ್ಯಜೀವಿ ಕಾಯ್ದೆಯಂತೆ ವನ್ಯಧಾಮದೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಓಟಗಾರರಿಗೆ ಇದು ತೊಡಕೆಂದು ನನಗೆ ಅನಿಸಿದ್ದಿಲ್ಲ, ಆ ಕಾನೂನು ಸರಿ. ಸದ್ದು ಮಾಡದೆ ವೇಗವಾಗಿ ಬರುವ ಮನುಷ್ಯ ತಿರುವಿನಲ್ಲಿ ಆನೆಗೆ ಎದುರಾದರೆ ಇಬ್ಬರಿಗೂ ಕೇಡು. 2025ರ ಜೂನ್‌ನಲ್ಲಿ ಇಲ್ಲೇ ಹೂಗ್ಯಂ ವಲಯದಲ್ಲಿ ತಾಯಿಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಸತ್ತವು. ದನ ಕಳೆದುಕೊಂಡವರ ಸಿಟ್ಟು, ಹುಲಿಯ ಹಸಿವು ಎರಡೂ ತಾಗುವ ಅಂಚು ಇದು. ಇಲ್ಲಿ ಮೋಜಿಗೆಂದು ಇನ್ನೊಂದು ಗುಂಪು ಕಾಡಿಗೆ ನುಗ್ಗುವುದು ಬೇಡ.

ಹಾಗಾಗಿ ನನ್ನ ದಾರಿಗಳೆಲ್ಲ ಕಾಡಿನ ಹೊರಗಿನವು: ಮುಸುಕಿನ ಜೋಳದ ಹೊಲಗಳ ನಡುವಿನ ಬಂಡಿಜಾಡು, ಕೆರೆ ಏರಿ, ಊರಿಂದೂರಿಗೆ ಹೋಗುವ ಒಳದಾರಿ. ಬೆಳಕು ಚೆನ್ನಾಗಿ ಹರಿದಮೇಲೆ ಹೊರಡುತ್ತೇನೆ, ಹೊತ್ತು ಇಳಿಯುವ ಮೊದಲೇ ಮನೆಯಲ್ಲಿರುತ್ತೇನೆ. ಹೊರಡುವ ಮುಂಚೆ ರಾತ್ರಿ ಹೊಲ ಕಾದವರನ್ನು ಕೇಳಿಕೊಳ್ಳುತ್ತೇನೆ, ಆನೆ ಯಾವ ಕಡೆ ಬಂದಿತ್ತೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕಿವಿಗೆ ಇಯರ್‌ಫೋನ್ ಹಾಕುವುದಿಲ್ಲ. ‘ಯಾಕಪ್ಪ ಹಿಂಗೆ ಓಡಿಯೆ, ಆನೆ ಗೀನೆ ಬಂದದಾ?’ ಎಂದು ಹೊಲದಿಂದ ಕೂಗಿ ಕೇಳಿದವರೇ ಈಗ ತಮ್ಮ ಮಕ್ಕಳನ್ನೂ ಜೊತೆಗೆ ಕಳಿಸುತ್ತಾರೆ.

ಆ ಮಕ್ಕಳಿಗಾಗಿಯೇ ಇಲ್ಲೊಂದು ಓಟ ನಡೆಯಬೇಕೆಂಬುದು ನನ್ನ ಆಸೆ. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಟ್ರ್ಯಾಕಿನ ಸುತ್ತು ಎಣಿಸುತ್ತ ಬೇಸತ್ತ ಹುಡುಗ ಹುಡುಗಿಯರು ಹೊಲದ ದಾರಿಯಲ್ಲಿ ಹಕ್ಕಿಯಂತೆ ಹಾರುವುದನ್ನು ಕಂಡಿದ್ದೇನೆ. ದೊಡ್ಡ ಖರ್ಚು ಬೇಕಿಲ್ಲ. ಜೋಳ ಮುರಿದು ಹೊಲ ಖಾಲಿಯಾದ ಹೊತ್ತಿನಲ್ಲಿ, ಹತ್ತು ಕಿ.ಮೀ.ನ ದಾರಿಯೊಂದನ್ನು ಗುರುತಿಸಿ, ಹೊಲದ ಒಡೆಯರ ಒಪ್ಪಿಗೆ ಪಡೆದು, ಅರಣ್ಯ ಇಲಾಖೆಯವರಿಗೆ ಮೊದಲೇ ದಾರಿ ತೋರಿಸಿ, ಬೆಳಿಗ್ಗೆ ಎಂಟಕ್ಕೆ ಬಿಟ್ಟರೆ ಸಾಕು. ನೀರಿನ ಜಾಗದಲ್ಲಿ ಪ್ಲಾಸ್ಟಿಕ್ ಲೋಟದ ಬದಲು ಕೊಳದಪ್ಪಲೆ, ಸೌಟು ಇರಲಿ. ಬರಿಗಾಲಲ್ಲಿ ಓಡುತ್ತೇನೆ ಎಂದವರನ್ನೂ ತಡೆಯುವುದು ಬೇಡ. ಪ್ರವೇಶ ಶುಲ್ಕ ಈ ಹೋಬಳಿಯ ಮಕ್ಕಳಿಗೆ ಇರಬಾರದು.