ರುಮಾಲಿನ ಮಡಿಕೆಯೊಳಗಿನ ವಿಜ್ಞಾನ

ಉಗಾರ ಖುರ್ದದ ಸುತ್ತ ಕಬ್ಬಿನ ಹಂಗಾಮು ಮುಗಿಯಲು ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತದೆ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಕಡೆಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೊರಟಿದ್ದರೆ, ಇತ್ತ ಫಡದಲ್ಲಿ ಗ್ಯಾಂಗಿನವರು ಕಡಿದ ಕಬ್ಬನ್ನು ಹೊರೆ ಕಟ್ಟುತ್ತಿರುತ್ತಾರೆ. ಹೊರೆ ಎತ್ತುವ ಮೊದಲು ಹೆಣ್ಣುಮಗಳೊಬ್ಬಳು ಹಳೆ ಸೀರೆಯ ತುಂಡನ್ನು ಹಗ್ಗದಂತೆ ಹೊಸೆದು, ಬಳೆಯ ಹಾಗೆ ಸುತ್ತಿ, ನೆತ್ತಿಯ ಮೇಲಿಟ್ಟುಕೊಳ್ಳುತ್ತಾಳೆ. ಅದು ಸಿಂಬಿ. ಪಕ್ಕದವನು ರುಮಾಲು ಬಿಚ್ಚಿ, ರವದಿಯ ದೂಳು ಕೊಡವಿ, ಅದರಿಂದಲೇ ಬೆವರು ಒರೆಸಿಕೊಂಡು ಮತ್ತೆ ಸುತ್ತಿಕೊಳ್ಳುತ್ತಾನೆ. ಮನುಷ್ಯ ತಲೆಗೆ ಯಾಕೆ ಬಟ್ಟೆ ಕಟ್ಟುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಈ ಎರಡು ತುಂಡುಗಳಲ್ಲೇ ಇದೆ.

ತಲೆ ಮುಚ್ಚಿಕೊಳ್ಳುವ ರೂಢಿ ಬಹಳ ಹಳೆಯದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ ‘ಓಟ್ಜಿ’ ಎಂಬ ಮನುಷ್ಯ ಸುಮಾರು 5300 ವರ್ಷಗಳ ಹಿಂದೆ ಬದುಕಿದ್ದವನು. ಅವನ ಬಳಿ ಕರಡಿ ಚರ್ಮದ ಟೋಪಿಯಿತ್ತು. ಗದ್ದದ ಕೆಳಗೆ ಬಿಗಿಯಲು ಪಟ್ಟಿಯೂ ಇತ್ತು. ಅವನಿಗೆ ಬೇಕಾಗಿದ್ದುದು ಚಳಿಯಿಂದ ರಕ್ಷಣೆ. ನಮಗೆ ಬೇಕಾದುದು ಬಿಸಿಲಿನಿಂದ.

ನೆಟ್ಟಗೆ ನಿಂತ ಮನುಷ್ಯನಿಗೆ ನಡುಮಧ್ಯಾಹ್ನದ ಬಿಸಿಲು ಹೆಚ್ಚಾಗಿ ಬೀಳುವುದು ತಲೆ ಮತ್ತು ಹೆಗಲಿನ ಮೇಲೆ. ನಿಸರ್ಗವೇ ಅಲ್ಲಿ ಕೂದಲಿನ ಚಪ್ಪರ ಹಾಕಿದೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಬಿಸಿಮಾಡಿದ ಗೊಂಬೆಯ ತಲೆಗೆ ಬೇರೆ ಬೇರೆ ಬಗೆಯ ಕೂದಲು ತೊಡಿಸಿ, ದೀಪಗಳಿಂದ ಬಿಸಿಲಿನಂತೆ ಕಾಯಿಸಿ ನೋಡಿದರು. ಎಲ್ಲ ಬಗೆಯ ಕೂದಲೂ ತಲೆಗೆ ತಟ್ಟುವ ಬಿಸಿಲಿನ ಶಾಖವನ್ನು ತಗ್ಗಿಸಿತು. ಒತ್ತಾದ ಗುಂಗುರು ಕೂದಲು ಎಲ್ಲಕ್ಕಿಂತ ಹೆಚ್ಚು ತಗ್ಗಿಸಿತು. ಬಿಸಿಲು ಕೂದಲಿನ ಮೇಲ್ಭಾಗದಲ್ಲೇ ತಡೆದು ನಿಲ್ಲುತ್ತದೆ, ನಡುವಿನ ಗಾಳಿ ಶಾಖವನ್ನು ಚರ್ಮದವರೆಗೆ ಬಿಡುವುದಿಲ್ಲ.

ರುಮಾಲು ಮಾಡುವುದೂ ಇದೇ ಕೆಲಸವನ್ನು. ಮೇಲಿನ ಸುತ್ತು ಕಾಯುತ್ತದೆ, ಒಳಗಿನ ಸುತ್ತು ಅಷ್ಟು ಕಾಯುವುದಿಲ್ಲ. ಮಡಿಕೆಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖಕ್ಕೆ ಅಡ್ಡಗೋಡೆ. ಬಿಳಿ ಬಟ್ಟೆಯಾದರೆ ಬಿಸಿಲಿನ ಒಂದಷ್ಟು ಪಾಲನ್ನು ಹಿಂದಕ್ಕೂ ಕಳಿಸುತ್ತದೆ. ಹತ್ತಿಯ ಎಳೆ ಬೆವರು ಹೀರಿ ಗಾಳಿಗೆ ಹರವುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಅರ್ಧ ಲೀಟರಿಗೂ ಹೆಚ್ಚು ನೀರನ್ನು ಒಂದು ಡಿಗ್ರಿ ತಣಿಸಿದರೆ ಹೋಗುವಷ್ಟು ಶಾಖ ಅದು! ಬೋರಿನ ನೀರಲ್ಲಿ ರುಮಾಲು ಅದ್ದಿ, ಹಿಂಡಿ, ಸುತ್ತಿಕೊಳ್ಳುವ ರೈತ ಪುಸ್ತಕ ಓದದೆಯೇ ಈ ಲೆಕ್ಕವನ್ನು ಬಳಸುತ್ತಿದ್ದಾನೆ. ಆದರೆ ತೀರಾ ಬಿಗಿದು ಕಟ್ಟಿದರೆ ಗಾಳಿಯೂ ಆಡದು, ಬೆವರೂ ಆರದು.

ಸಿಂಬಿಯ ಗುಟ್ಟು ಇನ್ನೂ ಸರಳ. ನಮ್ಮ ನೆತ್ತಿ ಗುಂಡಗಿದೆ. ಹೊರೆಯನ್ನು ನೇರವಾಗಿ ಇಟ್ಟರೆ ಭಾರವೆಲ್ಲ ಒಂದು ಸಣ್ಣ ಜಾಗದ ಮೇಲೆ ಒತ್ತುತ್ತದೆ. ಸಿಂಬಿ ಆ ಭಾರವನ್ನು ಸುತ್ತಲೂ ಹಂಚುತ್ತದೆ, ಹೊರೆ ಉರುಳದಂತೆ ಹಿಡಿಯುತ್ತದೆ. ಟ್ರೇಲರಿಗೆ ಹಚ್ಚಿದ ಹಲಗೆಯ ಮೇಲೆ ಹೊರೆ ಹೊತ್ತು ಏರುವವರಿಗೆ ಇದು ಜೀವದ ಪ್ರಶ್ನೆ.

ಇನ್ನು ಮನೆಯೊಳಗೆ ಬಂದರೆ ಬಾಣಂತಿಯ ಕೋಣೆಯಲ್ಲಿ ಕೂಸಿನ ತಲೆಗೆ ಕುಂಚಿಗಿ. ದೇಹದ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಎಂಬ ಮಾತು ಜಗತ್ತಿನಲ್ಲೆಲ್ಲ ಪ್ರಚಾರದಲ್ಲಿದೆ. ದೊಡ್ಡವರ ಮಟ್ಟಿಗೆ ಇದು ನಿಜವಲ್ಲ. ನಮ್ಮ ತಲೆ ಮೈಯ ಹೊರಮೈಯಲ್ಲಿ ಹತ್ತನೇ ಒಂದು ಪಾಲಿನಷ್ಟೂ ಇಲ್ಲ. ಹೋಗುವ ಶಾಖವೂ ಹೆಚ್ಚುಕಡಿಮೆ ಅದೇ ಪ್ರಮಾಣದ್ದು. ಹಸುಗೂಸಿನ ಲೆಕ್ಕ ಬೇರೆ. ಅದರ ತಲೆಯೇ ಹೊರಮೈಯ ಸುಮಾರು ಐದನೇ ಒಂದು ಪಾಲು. ಆದ್ದರಿಂದಲೇ ಇಂದಿನ ಆಸ್ಪತ್ರೆಗಳಲ್ಲೂ ಹುಟ್ಟಿದ ಕೂಸಿಗೆ ಟೋಪಿ ತೊಡಿಸುತ್ತಾರೆ. ಕುಂಚಿಗಿ ಹೊಲಿದ ಅಜ್ಜಿಯಂದಿರ ತಿಳಿವಳಿಕೆ ಸರಿಯಾಗಿತ್ತು.

ತಲೆಯ ಬಟ್ಟೆ ನೆರಳಿಗೆ ಮಾತ್ರವಲ್ಲ, ಗುರುತಿಗೂ ಹೌದು. ನಮ್ಮ ಕಡೆ ಮದುವೆಯಲ್ಲಿ ಬೀಗರಿಗೆ ಟವೆಲ್-ಟೊಪಗಿ ಆಯೇರಿ ಮಾಡದಿದ್ದರೆ ಮರ್ಯಾದೆ ಪೂರ್ತಿಯಾಗದು. ಮೈಸೂರಿನಲ್ಲಿ ಸನ್ಮಾನವೆಂದರೆ ಪೇಟ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಖಾದಿಯ ಬಿಳಿ ಟೊಪಗಿ ಧರಿಸುವುದೇ ಒಂದು ಘೋಷಣೆಯಾಗಿತ್ತು. 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಗಾಂಧೀಜಿ ಅದಕ್ಕೆ ಮೂರು ವರ್ಷ ಮೊದಲೇ, 1921ರಲ್ಲಿ, ತಮ್ಮ ಉಡುಪನ್ನು ತುಂಡು ಪಂಚೆಗಿಳಿಸಿ ಟೊಪಗಿಯನ್ನೂ ಬಿಟ್ಟಿದ್ದರು. ಅವರು ಬಿಟ್ಟರೂ ಊರೂರಿನ ಹಿರಿಯರ ತಲೆಯ ಮೇಲೆ ಅದು ಉಳಿಯಿತು.

ಆದರೆ ಗುರುತಿನ ಟೊಪಗಿ ಬೇರೆ, ದುಡಿಮೆಯ ಟೊಪಗಿ ಬೇರೆ. ಬಿಳಿ ಟೊಪಗಿಗೆ ಅಂಚಿಲ್ಲ. ಕಿವಿ, ಕುತ್ತಿಗೆ, ಕಣ್ಣುಗಳಿಗೆ ಅದು ನೆರಳು ಕೊಡದು. ಹುಡುಗರು ಹಾಕುವ ಕ್ಯಾಪು ಮುಖಕ್ಕೆ ಮಾತ್ರ ನೆರಳು ಕೊಟ್ಟು ಕುತ್ತಿಗೆಯನ್ನು ಬಯಲಿಗೆ ಬಿಡುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ವರ್ಷಾನುಗಟ್ಟಲೆ ತಾಕಿದರೆ ಕಣ್ಣಿಗೆ ಪೊರೆ ಬರುವ ಅಪಾಯ ಹೆಚ್ಚು, ಚರ್ಮಕ್ಕೂ ಹಾನಿ. ಸುತ್ತಲೂ ಅಗಲ ಅಂಚಿರುವ ಟೋಪಿ, ಇಲ್ಲವೇ ಹಿಂದೆ ಕುತ್ತಿಗೆಯ ಮೇಲೆ ಸೆರಗು ಇಳಿಬಿಟ್ಟ ರುಮಾಲು ಇವೆರಡನ್ನೂ ತಡೆಯಲು ನೆರವಾಗುತ್ತದೆ.

ಹೊಲಕ್ಕೆ ಹೋಗುವವರಲ್ಲಿ ನನ್ನದೊಂದು ಬೇಡಿಕೆ. ರುಮಾಲನ್ನು ಹಳೆಯ ಕಾಲದ್ದೆಂದು ಮೂಲೆಗೆ ಎಸೆಯಬೇಡಿ. ಹತ್ತಿಯದನ್ನೇ ಆರಿಸಿ, ಸಡಿಲಾಗಿ ಸುತ್ತಿ, ಆಗಾಗ ನೀರಲ್ಲಿ ಅದ್ದಿ, ಒಂದು ಸೆರಗನ್ನು ಕುತ್ತಿಗೆಯ ಮೇಲೆ ಬಿಡಿ. ಆದರೆ ಅದೊಂದನ್ನೇ ನಂಬಿ ನಡುಮಧ್ಯಾಹ್ನ ದುಡಿಯಬೇಡಿ. ಕುಡಿಯುವ ನೀರು, ಮರದ ನೆರಳಿನ ವಿಶ್ರಾಂತಿ ಎರಡೂ ಬೇಕು. ಗ್ಯಾಂಗು ಕರೆಸುವ ಹೊಲದ ಮಾಲೀಕರು ಫಡದ ಬದುವಿನಲ್ಲಿ ಒಂದು ಕೊಡ ನೀರು, ಒಂದು ಚಪ್ಪರದ ನೆರಳು ಇಟ್ಟರೆ ದುಡಿಯುವವರ ಜೀವಕ್ಕೆ ಅದೇ ದೊಡ್ಡ ಆಸರೆ.